ಲೋಹದ ಕತ್ತರಿ, ಬೆಳಕಿನ ವಿಳಾಸ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮತ್ತಿಕೆರೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿಭಾ ಪುರಸ್ಕಾರದ ಈ ದಿನ ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಗಳು ಕೇಳಿದಾಗ ವಿಷಯಕ್ಕಾಗಿ ನಾನು ಹೆಚ್ಚು ಹುಡುಕಬೇಕಾಗಲಿಲ್ಲ. ಅದು ನಮ್ಮ ಮನೆಯಲ್ಲೇ ಇತ್ತು. ನಮ್ಮ ಚಾಚಾ ಅವರಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಅವರು ಮೂವತ್ತು ವರ್ಷ ಎಲೆ ಅಡಿಕೆಯ ಜೊತೆಗೆ ಹೊಗೆಸೊಪ್ಪು ಹಾಕಿಕೊಂಡವರು. ಆಪರೇಷನ್ ಆಯಿತು, ವಿಕಿರಣ ಚಿಕಿತ್ಸೆ ಆಯಿತು, ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಡ್ರಿಪ್ಪಿನಲ್ಲಿ ಕೊಟ್ಟರು. ಜೀವ ಉಳಿಯಿತು. ಆದರೆ ಕೆಲವು ತಿಂಗಳಲ್ಲಿ ಅವರಿಗೆ ಕುಕ್ಕರಿನ ಸೀಟಿ ಕೇಳಿಸದಾಯಿತು. ಮೊಮ್ಮಗಳ ತೆಳು ದನಿಯೂ ಕೇಳಿಸದಾಯಿತು. ಒಂದು ಸಂಜೆ ಅವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಬೇಟಾ, ನೀನು ಕೆಮಿಸ್ಟ್ರಿ ಮೇಷ್ಟ್ರು. ರೋಗ ಇದ್ದದ್ದು ಬಾಯಲ್ಲಿ. ಔಷಧ ಕಿವಿಗೆ ಯಾಕೆ ಹೋಯಿತು?" ಎಂದು ಕೇಳಿದರು.

ಪುಸ್ತಕದ ಉತ್ತರ ನನಗೆ ಗೊತ್ತಿತ್ತು. ಆದರೆ ಅವರ ಮುಖ ನೋಡಿಕೊಂಡು ಅದನ್ನು ಹೇಳಲು ಆಗಲಿಲ್ಲ. ಆ ಉತ್ತರವನ್ನು ಇಂದು ನಿಮ್ಮ ಮುಂದೆ ಹೇಳುತ್ತೇನೆ. ಅದರ ಒಂದು ಭಾಗ, ನಾವು ಕುಳಿತಿರುವ ಈ ಜಾಗದಿಂದ ನಡೆದು ಹೋಗಬಹುದಾದಷ್ಟು ಹತ್ತಿರದಲ್ಲಿ ಸಿದ್ಧವಾಗಿದೆ.

ಮೊದಲು ಡಿ.ಎನ್.ಎ. ಬಗ್ಗೆ ಸ್ವಲ್ಪ. ನಮ್ಮ ದೇಹದ ಬಹುತೇಕ ಜೀವಕೋಶಗಳೊಳಗೆ ಈ ಎಳೆ ಇದೆ. ಬಿಡಿಸಿ ಉದ್ದಕ್ಕೆ ಹಾಸಿದರೆ ಒಂದು ಕೋಶದ ಡಿ.ಎನ್.ಎ. ಸುಮಾರು 2 ಮೀಟರ್ ಆಗುತ್ತದೆ. ಅದರ ದಪ್ಪವಾದರೋ ಒಂದು ಮಿಲಿಮೀಟರಿನ ಐದು ಲಕ್ಷದ ಒಂದು ಭಾಗ. ಅದು ತಿರುಚಿದ ಏಣಿಯಂತೆ ಇದೆ. ಏಣಿಯ ಎರಡು ಕಂಬಗಳು ಸಕ್ಕರೆ ಮತ್ತು ಫಾಸ್ಫೇಟಿನಿಂದ ಆದವು. ಮೆಟ್ಟಿಲುಗಳು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳ ಜೋಡಿಗಳು. ಮನುಷ್ಯನಲ್ಲಿ ಇಂಥ ಮೆಟ್ಟಿಲುಗಳು ಸುಮಾರು 320 ಕೋಟಿ.

ಈ ಏಣಿಯ ರೂಪವನ್ನು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಹೇಳಿದರು, ಅದಕ್ಕೆ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್ ರೇ ಚಿತ್ರ ನೆರವಾಯಿತು ಎಂಬುದನ್ನು ನೀವು ಓದಿದ್ದೀರಿ. ನಮ್ಮ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ. ಎ. ವಿಶ್ವಮಿತ್ರ ಅವರು ಕೇಂಬ್ರಿಡ್ಜಿನ ಓಲ್ಗಾ ಕೆನಾರ್ಡ್ ಮೊದಲಾದವರ ಜೊತೆ ಸೇರಿ, 1978ರಲ್ಲಿ ನಾಲ್ಕು ಅಕ್ಷರಗಳ ಒಂದು ಡಿ.ಎನ್.ಎ. ತುಣುಕಿನಲ್ಲಿ ಪರಮಾಣುಗಳು ಎಲ್ಲೆಲ್ಲಿ ಕುಳಿತಿವೆ ಎಂಬುದನ್ನು ಹರಳಿನಿಂದ ಅಳೆದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ನಮ್ಮ ಹಿರಿಯರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಕರೆಯುವ ಆ ಕಾಂಪೌಂಡಿನೊಳಗೆ 1909ರಿಂದ ನಡೆದಿರುವ ಕೆಲಸಗಳಲ್ಲಿ ಅದೂ ಒಂದು.

ಕ್ಯಾನ್ಸರ್ ಎಂದರೆ ಕೋಶವು ಲಗಾಮಿಲ್ಲದೆ ಒಂದರಿಂದ ಎರಡಾಗುತ್ತಾ ಹೋಗುವುದು. ಎರಡಾಗಬೇಕಾದರೆ ಡಿ.ಎನ್.ಎ.ಗೆ ನಕಲು ಆಗಲೇಬೇಕು. ಆದ್ದರಿಂದ ಡಿ.ಎನ್.ಎ. ಕೆಟ್ಟರೆ ಕೋಶ ಸಾಯುತ್ತದೆ. ಸಿಸ್‌ಪ್ಲಾಟಿನ್ ಮಾಡುವುದು ಇದನ್ನೇ. ಅದು ಪ್ಲಾಟಿನಂ ಲೋಹದ ಒಂದು ಪುಟ್ಟ ಸಂಯುಕ್ತ. 1845ರಲ್ಲೇ ತಯಾರಾಗಿದ್ದರೂ ಅದರ ಗುಣ ಯಾರಿಗೂ ತಿಳಿದಿರಲಿಲ್ಲ. ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿಗೆ ಪ್ಲಾಟಿನಂ ತಂತಿಗಳ ಮೂಲಕ ವಿದ್ಯುತ್ ಹಾಯಿಸಿ ನೋಡುತ್ತಿದ್ದಾಗ ಅವು ಎರಡಾಗುವುದು ನಿಂತುಹೋಯಿತು. ವಿದ್ಯುತ್ತಿಗಿಂತ ಹೆಚ್ಚಾಗಿ ತಂತಿಯಿಂದ ಕರಗಿ ಬಂದ ಪ್ಲಾಟಿನಂ ಸಂಯುಕ್ತವೇ ಇದಕ್ಕೆ ಕಾರಣ ಎಂದು ಅವರು ಪತ್ತೆ ಮಾಡಿದರು. ಇದು 1965ರ ಮಾತು. 1978ರಲ್ಲಿ ಅದು ಔಷಧವಾಗಿ ಒಪ್ಪಿಗೆ ಪಡೆಯಿತು. ಸಿಸ್‌ಪ್ಲಾಟಿನ್ ಡಿ.ಎನ್.ಎ.ಯನ್ನು ಕತ್ತರಿಸುವುದಿಲ್ಲ. ಅಕ್ಕಪಕ್ಕದ ಎರಡು ಅಕ್ಷರಗಳಿಗೆ ಅಂಟಿಕೊಂಡು ಏಣಿಯನ್ನೇ ಬಗ್ಗಿಸಿಬಿಡುತ್ತದೆ. ಆದರೆ ರಕ್ತದಲ್ಲಿ ಬೆರೆತ ಮೇಲೆ ಅದು ಎಲ್ಲ ಕಡೆಗೂ ಹೋಗುತ್ತದೆ. ಮೂತ್ರಪಿಂಡಕ್ಕೆ ಹೋಗುತ್ತದೆ, ಒಳಗಿವಿಗೂ ಹೋಗುತ್ತದೆ. ಒಳಗಿವಿಯಲ್ಲಿ ತೀಕ್ಷ್ಣ ಸ್ವರಗಳನ್ನು ಹಿಡಿಯುವ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಚಾಚಾ ಅವರ ಪ್ರಶ್ನೆಗೆ ಪುಸ್ತಕದ ಉತ್ತರ ಇದು: ಔಷಧಕ್ಕೆ ಕೆಲಸ ಗೊತ್ತಿತ್ತು, ವಿಳಾಸ ಗೊತ್ತಿರಲಿಲ್ಲ.

ಇಂದಿನ ನನ್ನ ಮಾತಿನ ತಿರುಳೂ ಇಷ್ಟೇ. ಡಿ.ಎನ್.ಎ.ಯನ್ನು ಕೆಡಿಸುವುದು ಅಥವಾ ಕತ್ತರಿಸುವುದು ಕಷ್ಟವಲ್ಲ. ಎಲ್ಲಿ ಕತ್ತರಿಸಬೇಕು ಎಂದು ಆರಿಸುವುದೇ ಕಷ್ಟ.

ಕತ್ತರಿ ಎಷ್ಟು ಸುಲಭ ಎಂಬುದನ್ನು ನೋಡಿ. ಕಬ್ಬಿಣದ ಲವಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದರೆ ತೀವ್ರವಾದ ಉತ್ಕರ್ಷಣ ಕ್ರಿಯೆ ನಡೆಯುತ್ತದೆ ಎಂದು ಫೆಂಟನ್ ಎಂಬ ಇಂಗ್ಲಿಷ್ ವಿಜ್ಞಾನಿ 1894ರಲ್ಲೇ ತೋರಿಸಿದ್ದರು. ಅಲ್ಲಿ ಹುಟ್ಟುವುದು ಹೈಡ್ರಾಕ್ಸಿಲ್ ರ‍್ಯಾಡಿಕಲ್. ಅದು ಎದುರಿಗೆ ಸಿಕ್ಕಿದ್ದನ್ನು ಕಚ್ಚುತ್ತದೆ. ಡಿ.ಎನ್.ಎ. ಸಿಕ್ಕರೆ ಅದರ ಕಂಬದಲ್ಲಿರುವ ಸಕ್ಕರೆಯಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಕಂಬ ಮುರಿಯುತ್ತದೆ. ಆಸ್ಪತ್ರೆಯ ವಿಕಿರಣ ಚಿಕಿತ್ಸೆಯಲ್ಲೂ ಕೆಲಸದ ದೊಡ್ಡ ಪಾಲು ಇದರದ್ದೇ. ಕಿರಣಗಳು ಕೋಶದೊಳಗಿನ ನೀರನ್ನು ಒಡೆದಾಗ ಇದೇ ರ‍್ಯಾಡಿಕಲ್ ಹುಟ್ಟುತ್ತದೆ. ಇದರ ಆಯುಷ್ಯ ಸೆಕೆಂಡಿನ ನೂರು ಕೋಟಿಯ ಕೆಲವೇ ಭಾಗಗಳು. ಹುಟ್ಟಿದ ಜಾಗದಿಂದ ದೂರ ಹೋಗಲು ಅದಕ್ಕೆ ಸಮಯವೇ ಇರುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ರ‍್ಯಾಡಿಕಲ್ ಎಲ್ಲಿ ಹುಟ್ಟಿತೋ ಅಲ್ಲೇ ಕಡಿತ. ಅಂದರೆ ಲೋಹವನ್ನು ಬೇಕಾದ ಜಾಗದಲ್ಲಿ ಕೂರಿಸಿದರೆ ಕಡಿತವೂ ಅಲ್ಲೇ ಆಗುತ್ತದೆ.

ಪ್ರಕೃತಿ ಈ ಉಪಾಯವನ್ನು ಮೊದಲೇ ಬಳಸಿದೆ. ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಜಪಾನಿನ ಹಮಾವೊ ಉಮೆಜಾವಾ ತೆಗೆದ ಬ್ಲಿಯೋಮೈಸಿನ್ ಎಂಬ ಔಷಧ (1966) ಕಬ್ಬಿಣವನ್ನು ಹಿಡಿದುಕೊಂಡು ಡಿ.ಎನ್.ಎ. ಬಳಿ ಹೋಗಿ, ಹೆಚ್ಚಾಗಿ ಜಿ-ಸಿ ಅಥವಾ ಜಿ-ಟಿ ಎಂಬ ಎರಡಕ್ಷರ ಇರುವಲ್ಲಿ ಕತ್ತರಿಸುತ್ತದೆ. 1979ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಸಿಗ್ಮನ್, ತಾಮ್ರವನ್ನು ಫಿನಾಂತ್ರೊಲಿನ್ ಎಂಬ ಚಪ್ಪಟೆ ಅಣುವಿಗೆ ಕಟ್ಟಿದರೆ ಅದೂ ಡಿ.ಎನ್.ಎ.ಯನ್ನು ತುಂಡರಿಸುತ್ತದೆ ಎಂದು ಕಂಡುಕೊಂಡರು. ಚಪ್ಪಟೆ ಅಣುವಿಗೆ ಒಂದು ಅನುಕೂಲವಿದೆ. ಪುಸ್ತಕದ ಹಾಳೆಗಳ ನಡುವೆ ಪೋಸ್ಟ್ ಕಾರ್ಡ್ ಇಟ್ಟ ಹಾಗೆ ಅದು ಡಿ.ಎನ್.ಎ. ಎಳೆಗೆ ಒತ್ತಾಗಿ ಸೇರಿಕೊಳ್ಳಬಲ್ಲದು.

ಆದರೆ ಎರಡಕ್ಷರದ ವಿಳಾಸ ಸಾಕೇ? ವಿದ್ಯಾರ್ಥಿಗಳೇ, ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಮತ್ತಿಕೆರೆಯ ಪಿನ್ ಕೋಡ್ 560054. ಆರು ಅಂಕಿ ಇರುವುದರಿಂದ ಪತ್ರ ಇಡೀ ದೇಶದಲ್ಲಿ ಅಲೆಯದೆ ನಮ್ಮ ಪೋಸ್ಟ್ ಆಫೀಸಿಗೆ ಬರುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಆರು ಅಕ್ಷರ ಓದಿ ಕತ್ತರಿಸುವ ಕಿಣ್ವಗಳಿವೆ. ಇಂಥ ಕಿಣ್ವಗಳ ಶೋಧಕ್ಕೆ 1978ರ ನೊಬೆಲ್ ಪ್ರಶಸ್ತಿ ಬಂತು. ಅವುಗಳಲ್ಲಿ ಒಂದು ಜಿ-ಎ-ಎ-ಟಿ-ಟಿ-ಸಿ ಎಂದು ಇರುವಲ್ಲಿ ಮಾತ್ರ ಕತ್ತರಿಸುತ್ತದೆ. ಆ ಕಿಣ್ವಕ್ಕೂ ಕೆಲಸ ಮಾಡಲು ಮೆಗ್ನೀಸಿಯಂ ಎಂಬ ಲೋಹ ಬೇಕು. ನಾಲ್ಕು ಅಕ್ಷರಗಳಿಂದ ಆರಕ್ಷರದ ಪದಗಳನ್ನು 4,096 ಬಗೆಯಲ್ಲಿ ಬರೆಯಬಹುದು. ಆದ್ದರಿಂದ ಸರಾಸರಿ 4,096 ಅಕ್ಷರಕ್ಕೊಮ್ಮೆ ಅದೇ ಪದ ಬರುತ್ತದೆ. 320 ಕೋಟಿಯನ್ನು 4,096ರಿಂದ ಭಾಗಿಸಿ. ಸುಮಾರು ಏಳು ಲಕ್ಷ ಎಂಬತ್ತು ಸಾವಿರ ಜಾಗಗಳಲ್ಲಿ ಕಡಿತ! ಅದು ಶಸ್ತ್ರಚಿಕಿತ್ಸೆಯಲ್ಲ, ಪುಡಿ ಮಾಡುವುದು. ಒಂದೇ ಒಂದು ಜಾಗ ಬೇಕಾದರೆ ಕನಿಷ್ಠ ಹದಿನಾರು ಅಕ್ಷರ ಓದಬೇಕು. ಹದಿನಾರು ಅಕ್ಷರದ ಪದಗಳು 429 ಕೋಟಿ ಬಗೆ. ಆಗ ಮಾತ್ರ ಅದು ನಮ್ಮ 320 ಕೋಟಿಯನ್ನು ಮೀರುತ್ತದೆ.

ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಪೀಟರ್ ಡೆರ್ವನ್ ಈ ದಾರಿಯಲ್ಲಿ ನಡೆದರು. ಡಿ.ಎನ್.ಎ. ಅಕ್ಷರಗಳ ಒಂದು ತುಂಡು ಎಳೆಯನ್ನು ತಯಾರಿಸಿ, ಅದರ ತುದಿಗೆ ಕಬ್ಬಿಣವನ್ನು ಹಿಡಿಯುವ ಅಣುವನ್ನು ಕಟ್ಟಿದರು. ಎಳೆ ತನ್ನ ಜೋಡಿ ಅಕ್ಷರಗಳನ್ನು ಹುಡುಕಿ ಕೂರುತ್ತದೆ, ತುದಿಯ ಕಬ್ಬಿಣ ಅಲ್ಲೇ ಕತ್ತರಿಸುತ್ತದೆ. 1987ರಲ್ಲಿ ಅವರು ಮತ್ತು ಅವರ ಸಹಸಂಶೋಧಕರು ಹೀಗೆ ಜೋಡಿ ಎಳೆಯ ಮೇಲೆ ಮೂರನೆಯ ಎಳೆ ಕೂರಿಸಿ, ಆರಿಸಿದ ಜಾಗದಲ್ಲಿ ಕತ್ತರಿಸಿ ತೋರಿಸಿದರು. ಆದರೆ ಈ ಉಪಾಯ ಎಲ್ಲ ಅಕ್ಷರಮಾಲೆಗೂ ಹೊಂದುವುದಿಲ್ಲ. ಇಷ್ಟು ದೊಡ್ಡ ಅಣುವನ್ನು ಕೋಶದ ಒಳಗೆ ನುಗ್ಗಿಸುವುದೂ ಸುಲಭವಲ್ಲ. ಮುಂದೆ 2012ರಲ್ಲಿ ಬಂದ, 2020ರ ನೊಬೆಲ್ ಪಡೆದ 'ಕ್ರಿಸ್ಪರ್' ವಿಧಾನ ಇಪ್ಪತ್ತು ಅಕ್ಷರ ಓದಿ ಕತ್ತರಿಸುತ್ತದೆ. ಅಕ್ಷರದ ವಿಳಾಸಕ್ಕೆ ಇಂದು ಅದೇ ಹೆಸರುವಾಸಿ.

ಇಷ್ಟಾದರೂ ಚಾಚಾ ಅವರ ಪ್ರಶ್ನೆ ಬಗೆಹರಿಯಲಿಲ್ಲ. ಏಕೆಂದರೆ ಕ್ಯಾನ್ಸರ್ ಕೋಶದ ಅಕ್ಷರಗಳೂ ಒಳ್ಳೆಯ ಕೋಶದ ಅಕ್ಷರಗಳೂ ಹೆಚ್ಚುಕಡಿಮೆ ಒಂದೇ. ಬಾಯಿಯ ಕೋಶದಲ್ಲಿರುವ ಪುಸ್ತಕವೇ ಕಿವಿಯ ಕೋಶದಲ್ಲೂ ಇದೆ. ಅಲ್ಲಿ ಬೇಕಾದದ್ದು ಅಕ್ಷರದ ವಿಳಾಸ ಮಾತ್ರವಲ್ಲ, ದೇಹದ ವಿಳಾಸ. ಆ ವಿಳಾಸವನ್ನು ಬರೆಯಬಲ್ಲದ್ದು ಬೆಳಕು. ಔಷಧವು ಕತ್ತಲೆಯಲ್ಲಿ ಸುಮ್ಮನಿರಬೇಕು, ಬೆಳಕು ಬಿದ್ದ ಕಡೆ ಮಾತ್ರ ಎಚ್ಚರಗೊಳ್ಳಬೇಕು. ಆಗ ಅದು ಕಿವಿಗೆ ಹೋದರೂ ತೊಂದರೆ ಕಡಿಮೆ, ಏಕೆಂದರೆ ಅಲ್ಲಿ ನಾವು ದೀಪ ಹಚ್ಚುವುದಿಲ್ಲ.

ಈ ಯೋಚನೆ ಹಳೆಯದು. 1900ರ ಸುಮಾರಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ, ಒಂದು ಬಣ್ಣದ ದ್ರಾವಣದಲ್ಲಿದ್ದ ಸೂಕ್ಷ್ಮಜೀವಿಗಳು ಬೆಳಕಿದ್ದಾಗ ಬೇಗ ಸಾಯುವುದನ್ನು ಗಮನಿಸಿದ. 1993ರಲ್ಲಿ ಕೆನಡಾದಲ್ಲಿ ಫೋಟೋಫ್ರಿನ್ ಎಂಬ ಬೆಳಕಿನ ಔಷಧ ಮೂತ್ರಕೋಶದ ಕ್ಯಾನ್ಸರಿಗೆ ಮೊದಲ ಒಪ್ಪಿಗೆ ಪಡೆಯಿತು. ಅದರಲ್ಲಿ ಲೋಹವಿಲ್ಲ. ಅದಕ್ಕೆ ಒಂದು ಕುಂದೂ ಇದೆ. ಚರ್ಮದಲ್ಲಿ ವಾರಗಟ್ಟಲೆ ಉಳಿಯುವುದರಿಂದ ರೋಗಿ ಬಿಸಿಲಿಗೆ ಬರುವಂತಿಲ್ಲ.

ಲೋಹ ಇಲ್ಲಿ ಏನು ಮಾಡಬಲ್ಲದು? ಎರಡು ವಸ್ತುಗಳನ್ನು ನೆನೆಯಿರಿ. ಒಂದು ಟಾರ್ಚ್. ಕತ್ತಲಲ್ಲಿ ಅದನ್ನು ಅಂಗೈಗೆ ಒತ್ತಿ ಹಿಡಿದರೆ ಬೆರಳುಗಳು ಕೆಂಪಗೆ ಹೊಳೆಯುತ್ತವೆ. ರಕ್ತವು ನೀಲಿ, ಹಸಿರು ಬೆಳಕನ್ನು ನುಂಗುತ್ತದೆ. ಕೆಂಪು ಬೆಳಕು ಮಾತ್ರ ಮಾಂಸದೊಳಗೆ ಸ್ವಲ್ಪ ದೂರ ಸಾಗುತ್ತದೆ. ಆದ್ದರಿಂದ ಔಷಧವನ್ನು ಎಚ್ಚರಿಸಬೇಕಾದದ್ದು ಕೆಂಪು ಬೆಳಕು. ಎರಡನೆಯದು ಮೈಲುತುತ್ತ. ಮಲೆನಾಡಿನಲ್ಲಿ ಅಡಿಕೆ ತೋಟಕ್ಕೆ ಸುಣ್ಣದ ಜೊತೆ ಸೇರಿಸಿ ಹೊಡೆಯುತ್ತಾರಲ್ಲ, ಅದೇ. ಅದು ನೀಲಿಯಾಗಿ ಕಾಣುವುದೇಕೆ? ಅದರಲ್ಲಿರುವ ತಾಮ್ರ ಕೆಂಪು ಬೆಳಕನ್ನು ನುಂಗಿ ನೀಲಿಯನ್ನು ಬಿಟ್ಟುಬಿಡುತ್ತದೆ. ಮಾಂಸ ಬಿಟ್ಟುಕೊಡುವ ಕೆಂಪನ್ನು ತಾಮ್ರ ನುಂಗಬಲ್ಲದು. ಈ ಎರಡು ಸಂಗತಿಗಳನ್ನು ಜೋಡಿಸಿದರೆ ಒಂದು ಔಷಧದ ಯೋಚನೆ ಹುಟ್ಟುತ್ತದೆ.

ಇದನ್ನು ಜೋಡಿಸಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಖಿಲ್ ರಂಜನ್ ಚಕ್ರವರ್ತಿ ಪ್ರಮುಖರು. ಅಲ್ಲಿನ ಅಜೈವಿಕ ಮತ್ತು ಭೌತ ರಸಾಯನ ವಿಜ್ಞಾನ ವಿಭಾಗದಲ್ಲಿ ಕೆಲಸ ಮಾಡಿದ ಇವರಿಗೆ 1998ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂದಿತ್ತು. 2003ರಲ್ಲಿ ಅವರು, ಅವರ ವಿದ್ಯಾರ್ಥಿನಿ ಶಾಂತಾ ಧರ್, ಹರಳುಗಳ ರಚನೆಯನ್ನು ಓದುವ ಎಂ. ನೇತಾಜಿ ಮತ್ತು ಇತರರು ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರ ಅಣುವಿನ ನಡುವೆ ತಾಮ್ರ. ಒಂದು ಕಡೆ ಡಿ.ಎನ್.ಎ.ಗೆ ಅಂಟುವ ಚಪ್ಪಟೆ ಫಿನಾಂತ್ರೊಲಿನ್ ಜಾತಿಯ ಅಣು. ಇನ್ನೊಂದು ಕಡೆ ಗಂಧಕ ಇರುವ ಅಣು. ಕೆಂಪು ಬೆಳಕು ಬಿದ್ದಾಗ ಅದು ಡಿ.ಎನ್.ಎ.ಯನ್ನು ಕತ್ತರಿಸಿತು. ಬೆಳಕನ್ನು ಹಿಡಿಯುವ ಕೆಲಸದಲ್ಲಿ ತಾಮ್ರಕ್ಕೂ ಗಂಧಕಕ್ಕೂ ಪಾಲಿದೆ ಎಂದು ಅವರು ತೋರಿಸಿದರು.

ಕತ್ತರಿಸಿತು ಎಂದು ಕಣ್ಣಿಗೆ ಕಾಣುವುದು ಹೇಗೆ? ಈ ಪರೀಕ್ಷೆ ಬಹಳ ಚೆಂದ. ಬ್ಯಾಕ್ಟೀರಿಯಾದಿಂದ ತೆಗೆದ ಉಂಗುರದಂಥ ಸಣ್ಣ ಡಿ.ಎನ್.ಎ. ಇರುತ್ತದೆ. ಅದು ಚೆನ್ನಾಗಿ ಹುರಿಗೊಳಿಸಿದ ರಬ್ಬರ್ ಬ್ಯಾಂಡಿನ ಹಾಗೆ ಮುದುಡಿಕೊಂಡಿರುತ್ತದೆ. ಅದನ್ನು ಅಗರ್ ಜೆಲ್ಲಿಯಂಥ ಪದರದಲ್ಲಿಟ್ಟು ವಿದ್ಯುತ್ ಹಾಯಿಸಿದರೆ ಮುದುಡಿದ್ದು ಬೇಗ ಓಡುತ್ತದೆ. ಅದರ ಒಂದು ಕಂಬದಲ್ಲಿ ಒಂದೇ ಒಂದು ಕಡಿತ ಬಿದ್ದರೂ ಹುರಿ ಬಿಚ್ಚಿಕೊಂಡು ಉಂಗುರ ಅಗಲವಾಗುತ್ತದೆ, ನಿಧಾನವಾಗಿ ಓಡುತ್ತದೆ. ಹೀಗೆ ಜೆಲ್ಲಿಯಲ್ಲಿ ಎರಡು ಗೆರೆ ಬೇರೆಬೇರೆ ಕಾಣುತ್ತವೆ. ಕತ್ತಲೆಯಲ್ಲಿಟ್ಟ ಮಾದರಿಯನ್ನೂ ಬೆಳಕಿನಲ್ಲಿಟ್ಟ ಮಾದರಿಯನ್ನೂ ಪಕ್ಕಪಕ್ಕ ಓಡಿಸಿ ನೋಡಿದರೆ ಬೆಳಕಿನ ಪಾತ್ರ ಎಷ್ಟು ಎಂಬುದು ತಿಳಿಯುತ್ತದೆ. ಒಂದು ಕಂಬದ ಕಡಿತವನ್ನು ಕೋಶ ಸಲೀಸಾಗಿ ದುರಸ್ತಿ ಮಾಡಿಕೊಳ್ಳುತ್ತದೆ. ಎರಡೂ ಕಂಬಗಳು ಎದುರುಬದುರು ಮುರಿದರೆ ಕೋಶಕ್ಕೆ ಉಳಿಗಾಲ ಕಷ್ಟ.

ಮುಂದಿನ ವರ್ಷಗಳಲ್ಲಿ ಆ ತಂಡ ಕಬ್ಬಿಣ, ವೆನೇಡಿಯಂ, ಕೋಬಾಲ್ಟ್ ಮೊದಲಾದ ಲೋಹಗಳಿಗೂ ಕೈ ಹಾಕಿತು. ಕ್ಯಾನ್ಸರ್ ಕೋಶಗಳು ಬಯೋಟಿನ್ ಎಂಬ ವಿಟಮಿನ್ನನ್ನು ಹೆಚ್ಚಾಗಿ ಎಳೆದುಕೊಳ್ಳುತ್ತವೆ. ಅದನ್ನು ಅಣುವಿನ ಬಾಲಕ್ಕೆ ಕಟ್ಟಿ ವಿಳಾಸವನ್ನು ಇನ್ನಷ್ಟು ಸ್ಪಷ್ಟ ಮಾಡುವ ಪ್ರಯತ್ನವೂ ನಡೆಯಿತು. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು 2015ರ ಕೆಲಸ. ಅದೇ ಸಂಸ್ಥೆಯ ಜೀವವಿಜ್ಞಾನಿ ಪಿ. ಕೊಂಡಯ್ಯ ಅವರ ಜೊತೆ ಸೇರಿ ಚಕ್ರವರ್ತಿಯವರ ತಂಡ, ಪ್ಲಾಟಿನಂ ಸಂಯುಕ್ತಕ್ಕೆ ಅರಿಶಿನದ ಕರ್ಕ್ಯುಮಿನ್ ಅಣುವನ್ನು ಕಟ್ಟಿತು. ಕತ್ತಲೆಯಲ್ಲಿ ಪ್ಲಾಟಿನಂ ಅರಿಶಿನದ ಅಪ್ಪುಗೆಯಲ್ಲಿ ಸುಮ್ಮನಿರುತ್ತದೆ. ಕಣ್ಣಿಗೆ ಕಾಣುವ ಬೆಳಕು ಬಿದ್ದಾಗ ಕರ್ಕ್ಯುಮಿನ್ ಕಳಚಿಕೊಂಡು ಕೋಶವನ್ನು ಕೆಡಿಸುತ್ತದೆ. ಬಿಡುಗಡೆಯಾದ ಪ್ಲಾಟಿನಂ ಸಿಸ್‌ಪ್ಲಾಟಿನ್ ಹಾಗೆಯೇ ಡಿ.ಎನ್.ಎ.ಗೆ ಅಂಟಿಕೊಳ್ಳುತ್ತದೆ. ಬಾಯಿ ಎಂದರೆ ಬೆಳಕು ಹಿಡಿಯಲು ಸಿಗುವ ಜಾಗ. ಚಾಚಾ ಅವರ ಪ್ರಶ್ನೆಗೆ ಪ್ರಯೋಗಾಲಯ ಕೊಡಬಹುದಾದ ಉತ್ತರ ಇದಕ್ಕಿಂತ ನೇರವಾಗಿ ಇರಲಾರದು.

ಆದರೆ ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ನಾನು ವಿವರಿಸಿದ ಈ ಬೆಂಗಳೂರಿನ ಅಣುಗಳು ಔಷಧದಂಗಡಿಯ ಔಷಧಗಳಲ್ಲ. ಅವುಗಳ ಪರೀಕ್ಷೆ ನಡೆದದ್ದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ. ಅರಿಶಿನ ತಿಂದು ಬಿಸಿಲಲ್ಲಿ ಕುಳಿತರೆ ಕ್ಯಾನ್ಸರ್ ಹೋಗುತ್ತದೆ ಎಂದು ಯಾರೂ ಇಲ್ಲಿಂದ ಸುದ್ದಿ ಹೊತ್ತುಕೊಂಡು ಹೋಗಬೇಡಿ. ಕೆಂಪು ಬೆಳಕೂ ಹೆಚ್ಚು ಆಳಕ್ಕೆ ಇಳಿಯಲಾರದು. ಹೊಟ್ಟೆಯ ಒಳಗಿನ ಗಡ್ಡೆಗೆ ಬೆಳಕು ತಲುಪಿಸಲು ತೆಳು ನಾರುಗಳು ಬೇಕಾಗುತ್ತವೆ. ದೊಡ್ಡ ಗಡ್ಡೆಯ ನಡುವೆ ಆಮ್ಲಜನಕ ಕಡಿಮೆ, ಬೆಳಕಿನ ಬಹಳಷ್ಟು ಔಷಧಗಳಿಗೆ ಆಮ್ಲಜನಕ ಬೇಕು. ರುಥೇನಿಯಂ ಎಂಬ ಲೋಹವಿರುವ ಬೆಳಕಿನ ಔಷಧವೊಂದನ್ನು 2017ರಲ್ಲಿ ಕೆನಡಾದಲ್ಲಿ ಮೂತ್ರಕೋಶದ ಕ್ಯಾನ್ಸರ್ ರೋಗಿಗಳಿಗೆ ಮೊದಲ ಬಾರಿ ಕೊಟ್ಟು ಪರೀಕ್ಷಿಸಿದರು. ಅದು ಡಿ.ಎನ್.ಎ.ಯೊಂದನ್ನೇ ಗುರಿ ಮಾಡುವುದಿಲ್ಲ, ಕೋಶದ ಹಲವು ಭಾಗಗಳನ್ನು ಕೆಡಿಸುತ್ತದೆ. ಪ್ರಯೋಗಾಲಯದಿಂದ ಆಸ್ಪತ್ರೆಯ ಹಾಸಿಗೆಯವರೆಗಿನ ದಾರಿ ಇಷ್ಟು ಉದ್ದ.

ಆದ್ದರಿಂದ ಇಂದು ಯಾರಿಗಾದರೂ ರೋಗ ಬಂದರೆ ಇಂದು ಇರುವ ಚಿಕಿತ್ಸೆಯನ್ನೇ ಪೂರ್ತಿಯಾಗಿ ಪಡೆಯಬೇಕು. ಸಿಸ್‌ಪ್ಲಾಟಿನ್ ನಮ್ಮ ಚಾಚಾ ಅವರ ಜೀವ ಉಳಿಸಿದ ಔಷಧ ಎಂಬುದನ್ನು ನಾನು ಮರೆತಿಲ್ಲ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಆಸ್ಪತ್ರೆ 1973ರಿಂದ ಇದೇ ಊರಿನಲ್ಲಿದೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಮೂರು ವಾರವಾದರೂ ಹುಣ್ಣು ಮಾಯದಿದ್ದರೆ, ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿ. ಹೊಗೆಸೊಪ್ಪು, ಗುಟ್ಕಾ ಬಿಡುವುದಂತೂ ಯಾವ ಲೋಹದ ಔಷಧಕ್ಕಿಂತಲೂ ಅಗ್ಗ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಎಸ್.ಎಸ್.ಎಲ್.ಸಿ. ಆದ ಮೇಲೆ, "ನನಗೆ ಬಯಾಲಜಿ ಇಷ್ಟ, ಕೆಮಿಸ್ಟ್ರಿ ಬೇಡ" ಎಂದು ಹಲವರು ಹೇಳುತ್ತಾರೆ. ನಾನು ಹೇಳಿದ ಕಥೆಯಲ್ಲಿ ಎಲ್ಲಿ ಯಾವ ವಿಷಯ ಮುಗಿಯಿತು, ಯಾವುದು ಶುರುವಾಯಿತು, ನೀವೇ ಹೇಳಿ. ತಾಮ್ರದ ನೀಲಿ ಬಣ್ಣ ರಸಾಯನಶಾಸ್ತ್ರ, ಕೆಂಪು ಬೆಳಕು ಭೌತಶಾಸ್ತ್ರ, ಕೋಶ ಜೀವಶಾಸ್ತ್ರ, ಹದಿನಾರು ಅಕ್ಷರ ಗಣಿತ. ಆಗ ಇಲ್ಲಿ ವಿದ್ಯಾರ್ಥಿನಿಯಾಗಿದ್ದ ಶಾಂತಾ ಧರ್ ಮುಂದೆ ಅಮೆರಿಕದಲ್ಲಿ ಪ್ರಾಧ್ಯಾಪಕಿಯಾಗಿ ತಮ್ಮದೇ ಸಂಶೋಧನಾ ತಂಡ ಕಟ್ಟಿದರು. ನಮ್ಮ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ 'ಓಪನ್ ಡೇ' ದಿನ ಎಲ್ಲರಿಗೂ ಬಾಗಿಲು ತೆರೆಯುತ್ತದೆ, ಟಿಕೆಟ್ ಇಲ್ಲ. ಮತ್ತಿಕೆರೆಯ ಮಕ್ಕಳು ಆ ಗೋಡೆಯ ಪಕ್ಕದಲ್ಲಿ ಬಸ್ಸಿನಲ್ಲಿ ಹೋಗುತ್ತಾರೆ, ಒಳಗೆ ಹೋದವರು ಕಡಿಮೆ. ಈ ವರ್ಷ ತಂದೆ ತಾಯಿಯನ್ನೂ ಕರೆದುಕೊಂಡು ಹೋಗಿ.

ಕಳೆದ ವಾರ ನಾನು ಚಾಚಾ ಅವರ ಹತ್ತಿರ ಹೋಗಿ, ಸ್ವಲ್ಪ ಜೋರಾಗಿಯೇ ಇದನ್ನೆಲ್ಲ ಹೇಳಿದೆ. ಟಾರ್ಚನ್ನು ಅವರ ಅಂಗೈಗೆ ಹಿಡಿದು ತೋರಿಸಿದೆ. ಅವರು ಕೆಂಪಾದ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ನನ್ನ ಕಾಲಕ್ಕೆ ಇದು ಬರಲಿಲ್ಲ. ಮಕ್ಕಳಿಗೆ ಹೇಳು, ಯಾರಾದರೂ ಮುಗಿಸಲಿ" ಎಂದರು. ಅವರು ಹೇಳಿದ್ದನ್ನು ನಿಮಗೆ ತಲುಪಿಸಿದ್ದೇನೆ.